ಹಗ್ಗದ ಲೆಕ್ಕ: ಗೆಲಿಲಿಯೊನ ಸರಪಳಿಯಿಂದ ನಮ್ಮ ಲ್ಯಾಬ್‌ನ ಸಾಫ್ಟ್‌ವೇರ್‌ವರೆಗೆ

ಭಾಗ 1/9 | ಒಂದು ನೇರ ಗೆರೆ

ಫ್ರೆಂಡ್ಸ್, ಈ ಸರಣಿ ಕೇಬಲ್ ಬಗ್ಗೆ. ಟಿವಿ ಕೇಬಲ್ ಅಲ್ಲ, ಸೇತುವೆ ಮತ್ತು ಛಾವಣಿಗಳನ್ನ ಹೊತ್ತು ನಿಲ್ಲೋ ಉಕ್ಕಿನ ಕೇಬಲ್.

ಸಾಫ್ಟ್‌ವೇರ್‌ನಲ್ಲಿ ಬೀಮ್ ಮಾಡೋದು ನಮಗೆಲ್ಲ ಗೊತ್ತು. ಎರಡು ನೋಡ್ ಇಡ್ತೀವಿ, ಮಧ್ಯೆ ನೇರ ಗೆರೆ ಎಳೀತೀವಿ, ಸೆಕ್ಷನ್ ಕೊಡ್ತೀವಿ, ಲೋಡ್ ಹಾಕಿ ರನ್ ಒತ್ತುತೀವಿ. ಉತ್ತರ ಬರುತ್ತೆ. ಕೇಬಲ್‌ಗೂ ಹಾಗೇ ಮಾಡಿ ನೋಡಿ. ಸಣ್ಣ ತುಂಡುಗಳ ಸಾಲಾಗಿ ನೇರ ಗೆರೆ ಎಳೆದು ನಡುವೆ ಲೋಡ್ ಹಾಕಿದ್ರೆ ‘ಸ್ಟ್ರಕ್ಚರ್ ಅನ್‌ಸ್ಟೇಬಲ್’ ಅಂತ ಪ್ರೋಗ್ರಾಂ ಕೈ ಚೆಲ್ಲುತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಯಾವ ಎರರೂ ಇಲ್ಲದೆ ಚೆಂದದ ಟೇಬಲ್ ಬರುತ್ತೆ, ಅದರೊಳಗೆ ಕೆಲವು ಕೇಬಲ್‌ಗಳು ಕಂಪ್ರೆಷನ್‌ನಲ್ಲಿ ಇರ್ತವೆ! ದಾರವನ್ನ ತಳ್ಳಿ ಕೆಲಸ ಮಾಡಿಸೋಕಾಗುತ್ತಾ?

ತೊಂದರೆ ಪ್ರೋಗ್ರಾಂದಲ್ಲ. ಬೀಮ್‌ಗೆ ತನ್ನದೇ ಆಕಾರ ಇದೆ, ಲೋಡ್ ಬಂದರೂ ಹೋದರೂ ಅದು ಹೆಚ್ಚೂಕಡಿಮೆ ಹಾಗೇ ಇರುತ್ತೆ. ಕೇಬಲ್‌ಗೆ ಸ್ವಂತ ಆಕಾರವೇ ಇಲ್ಲ. ಭಾರ ಬಿದ್ದ ಮೇಲೆ ಅದು ಆಕಾರ ಪಡೆಯುತ್ತೆ. ಎಳೆತ ಎಷ್ಟು ಅಂತ ತಿಳಿಯೋಕೆ ಆಕಾರ ಬೇಕು, ಆಕಾರ ತಿಳಿಯೋಕೆ ಎಳೆತ ಬೇಕು. ಎರಡೂ ಒಟ್ಟಿಗೇ ಸಿಗಬೇಕು.

ಈ ಗಂಟನ್ನ ಬಿಚ್ಚೋಕೆ ಜಗತ್ತು ಸುಮಾರು 400 ವರ್ಷ ತಗೊಂಡಿದೆ. ಆ ಕಥೆ ಗೊತ್ತಿದ್ರೆ ಸಾಫ್ಟ್‌ವೇರ್‌ನ ಒಂದೊಂದು ಬಟನ್ ಯಾಕಿದೆ ಅನ್ನೋದೂ ಗೊತ್ತಾಗುತ್ತೆ. ಸ್ವೈಪ್ ಮಾಡಿ 👉

ಭಾಗ 2/9 | ಸರಪಳಿ ಯಾವ ಆಕಾರದಲ್ಲಿ ತೂಗುತ್ತೆ?

ಬಾಗಿಲಿಗೆ ಕಟ್ಟಿದ ಹೂವಿನ ಮಾಲೆ ನಡುವೆ ಜೋಲು ಬೀಳುತ್ತಲ್ಲ, ಆ ಗೆರೆಯ ಹೆಸರೇನು?

1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಗೆಲಿಲಿಯೊ ತೂಗುವ ಸರಪಳಿಯನ್ನ ಪ್ಯಾರಾಬೋಲಾಗೆ ಹೋಲಿಸಿದ. ಜೋಲು ಕಡಿಮೆ ಇದ್ದಷ್ಟೂ ಎರಡೂ ಹತ್ತಿರ ಬರ್ತವೆ ಅಂತಲೂ ಗಮನಿಸಿದ. ಕಣ್ಣಿಗೆ ಅದು ಸರಿಯೇ. ಆದರೆ ‘ಹತ್ತಿರ’ ಅನ್ನೋದು ಬೇರೆ, ‘ಅದೇ’ ಅನ್ನೋದು ಬೇರೆ. 1646ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್, ಸರಪಳಿಯ ಆಕಾರ ಪ್ಯಾರಾಬೋಲಾ ಆಗಿರೋಕೆ ಸಾಧ್ಯವಿಲ್ಲ ಅಂತ ತೋರಿಸಿದ. ಆಗ ಅವನಿಗೆ ವಯಸ್ಸು 17. ನಮಗಿಂತ ಚಿಕ್ಕವನು!

ಹಾಗಾದ್ರೆ ಅದೇನು? 1690ರಲ್ಲಿ ಯಾಕೋಬ್ ಬರ್ನೂಲಿ ಇದನ್ನೇ ಬಹಿರಂಗ ಸವಾಲಾಗಿ ಇಟ್ಟ. 1691ರಲ್ಲಿ ಮೂರು ಉತ್ತರ ಬಂದವು: ಲೈಬ್ನಿಟ್ಸ್, ಹೈಗನ್ಸ್, ಮತ್ತು ಯಾಕೋಬನ ಸ್ವಂತ ತಮ್ಮ ಯೋಹಾನ್ ಬರ್ನೂಲಿ. ಸವಾಲು ಹಾಕಿದ ಅಣ್ಣನಿಗೇ ಉತ್ತರ ಸಿಕ್ಕಿರಲಿಲ್ಲ. ಈ ಲೆಕ್ಕಕ್ಕಾಗಿ ಒಂದಿಡೀ ರಾತ್ರಿ ನಿದ್ದೆಗೆಟ್ಟಿದ್ದನ್ನ ತಮ್ಮ ಎಷ್ಟೋ ವರ್ಷದ ನಂತರವೂ ಪತ್ರದಲ್ಲಿ ಬರೆದು ಬೀಗಿದ್ದ. ಅಣ್ಣತಮ್ಮಂದಿರ ಜಗಳ ಎಲ್ಲ ಊರಲ್ಲೂ ಇದ್ದದ್ದೇ.

ಆ ಗೆರೆಗೆ ಕ್ಯಾಟೆನರಿ ಅಂತ ಹೆಸರಾಯ್ತು. ಲ್ಯಾಟಿನ್‌ನಲ್ಲಿ ‘ಕಟೇನಾ’ ಅಂದ್ರೆ ಸರಪಳಿ. ಇವತ್ತು ಸಾಫ್ಟ್‌ವೇರ್‌ನಲ್ಲಿ ‘ಕ್ಯಾಟೆನರಿ ಎಲಿಮೆಂಟ್’ ಅಂತ ಕಾಣೋದು ಇದೇ 1691ರ ಗೆರೆ. ಉಕ್ಕು ಎಳೆದರೆ ಹಿಗ್ಗುತ್ತೆ ಅನ್ನೋದನ್ನ ಆಮೇಲೆ ಸೇರಿಸಿದ್ದಾರೆ ಅಷ್ಟೇ.

ಭಾಗ 3/9 | ಜೋಲು ಕಮ್ಮಿ, ಎಳೆತ ಜಾಸ್ತಿ

ಸರಪಳಿ ತನ್ನ ತೂಕವನ್ನಷ್ಟೇ ಹೊತ್ತರೆ ಕ್ಯಾಟೆನರಿ. ಕೆಳಗೆ ಒಂದೇ ಸಮನಾದ ರಸ್ತೆಯನ್ನ ನೇತುಹಾಕಿ, ಆ ಭಾರವೇ ಮುಖ್ಯ ಆದಾಗ ಕೇಬಲ್ ಪ್ಯಾರಾಬೋಲಾ ಆಗುತ್ತೆ. ಆಗ ಲೆಕ್ಕ ಸುಲಭ:

ಅಡ್ಡ ಎಳೆತ = (ಮೀಟರಿಗೆ ಭಾರ × ಸ್ಪ್ಯಾನ್ × ಸ್ಪ್ಯಾನ್) ÷ (8 × ಜೋಲು)

40 ಮೀಟರ್ ಸ್ಪ್ಯಾನ್, ಮೀಟರಿಗೆ 1 ಕಿಲೋನ್ಯೂಟನ್ ಭಾರ ಅಂದ್ಕೊಳ್ಳಿ.
• ಜೋಲು 4 ಮೀಟರ್ ಇದ್ರೆ ಎಳೆತ 50 ಕಿಲೋನ್ಯೂಟನ್
• ಜೋಲು 1 ಮೀಟರ್ ಇದ್ರೆ 200
• ಜೋಲು 40 ಸೆಂಟಿಮೀಟರ್ ಇದ್ರೆ 500
• ಜೋಲು ಸೊನ್ನೆ ಆದ್ರೆ? ಭಾಗಿಸೋಕೇ ಆಗಲ್ಲ.

ಬಟ್ಟೆ ಒಣಹಾಕೋ ತಂತಿಯನ್ನ ಅಮ್ಮ ಎಷ್ಟೇ ಬಿಗಿದು ಕಟ್ಟಿದ್ರೂ ಒದ್ದೆ ಬೆಡ್‌ಶೀಟ್ ಹಾಕಿದ ತಕ್ಷಣ ಸ್ವಲ್ಪ ಜೋಲು ಬೀಳುತ್ತೆ. ಬೀಳಲೇಬೇಕು. ಭಾಗ 1ರಲ್ಲಿ ನಾವು ಎಳೆದ ನೇರ ಗೆರೆ ಯಾಕೆ ಅನ್‌ಸ್ಟೇಬಲ್ ಆಯ್ತು ಅಂತ ಈಗ ಗೊತ್ತಾಯ್ತಲ್ಲ? ಅದಕ್ಕೆ ಜೋಲೂ ಇರಲಿಲ್ಲ, ಮೊದಲೇ ಕೊಟ್ಟ ಎಳೆತವೂ ಇರಲಿಲ್ಲ. ಅಡ್ಡ ಬಂದ ಭಾರ ಹೊರೋಕೆ ಅದರ ಹತ್ತಿರ ಏನೂ ಇರಲಿಲ್ಲ.

ಥಾಮಸ್ ಟೆಲ್ಫೋರ್ಡ್ ವೇಲ್ಸ್‌ನಲ್ಲಿ ಮೆನಾಯ್ ತೂಗುಸೇತುವೆ ಕಟ್ಟಿದಾಗ (1826, ಸ್ಪ್ಯಾನ್ 176 ಮೀಟರ್) ಹ್ಯಾಂಗರ್‌ಗಳ ಉದ್ದ ತಿಳಿಯೋಕೆ ಕಾಲು ಅಳತೆಯ ಸರಪಳಿಯನ್ನ ಕಣಿವೆಯೊಂದರಲ್ಲಿ ತೂಗಿಸಿ ಅಳೆದಿದ್ದ. ಅವನಿಗೆ ಕೈಯಳತೆ ಮೇಲೆ ನಂಬಿಕೆ. ಆದರೆ ಡೇವಿಸ್ ಗಿಲ್ಬರ್ಟ್ ಅನ್ನೋ ಗಣಿತ ಬಲ್ಲ ಸಂಸತ್ ಸದಸ್ಯ ಲೆಕ್ಕ ಹಾಕಿ, ಜೋಲು ಸಾಲದು, ಎಳೆತ ಜಾಸ್ತಿ ಆಗುತ್ತೆ ಅಂತ ತೋರಿಸಿದ. ಟೆಲ್ಫೋರ್ಡ್ ಜೋಲು ಹೆಚ್ಚಿಸಿದ. ಒಂದು ಸೂತ್ರ ಸೇತುವೆಯ ಆಕಾರವನ್ನೇ ಬದಲಿಸ್ತು.

ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಹೆಸರು ಕೇಳಿರ್ತೀರಿ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಾಲುಸೇತುವೆಗಳು, 2017ರಲ್ಲಿ ಪದ್ಮಶ್ರೀ. ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗೋ ಮಕ್ಕಳ ಕಾಲಡಿ ಇರೋದೂ ಇದೇ ಜೋಲಿನ ಲೆಕ್ಕ.

ಭಾಗ 4/9 | ಬಾಗಿದ ಮೇಲೆ ಬರೋ ಬಲ

19ನೇ ಶತಮಾನದ ಎಂಜಿನಿಯರ್‌ಗಳು ಒಂದು ವಿಷಯ ಸರಳ ಮಾಡ್ಕೊಂಡಿದ್ರು: ರೈಲೋ ಗಾಡಿಯೋ ಸೇತುವೆ ಮೇಲೆ ಬಂದಾಗ ಕೇಬಲ್‌ನ ಆಕಾರ ಬದಲಾಗೋದೇ ಇಲ್ಲ ಅಂತ. ಹಳೇ ಆಕಾರದ ಮೇಲೇ ಲೆಕ್ಕ. ಇವತ್ತಿನ ಭಾಷೆಯಲ್ಲಿ ಅದು ಲೀನಿಯರ್ ಅನಾಲಿಸಿಸ್.

1888ರಲ್ಲಿ ಆಸ್ಟ್ರಿಯಾದ ಯೋಸೆಫ್ ಮೆಲಾನ್ ಬೇರೆ ದಾರಿ ಹಿಡಿದ. ಭಾರ ಬಂದಾಗ ಕೇಬಲ್ ಸ್ವಲ್ಪ ಇಳಿಯುತ್ತೆ, ಇಳಿದ ಹೊಸ ಆಕಾರದಲ್ಲಿ ಅದು ಆ ಭಾರವನ್ನ ಇನ್ನೂ ಚೆನ್ನಾಗಿ ಹೊರುತ್ತೆ. ಹಾಗಾಗಿ ಲೆಕ್ಕವನ್ನ ಹೊಸ ಆಕಾರದ ಮೇಲೇ ಮಾಡಬೇಕು ಅಂದ. ಇದಕ್ಕೆ ಡಿಫ್ಲೆಕ್ಷನ್ ಥಿಯರಿ ಅಂತಾರೆ. ನಾವು ‘ಲಾರ್ಜ್ ಡಿಸ್‌ಪ್ಲೇಸ್‌ಮೆಂಟ್’ ಅಂತ ಟಿಕ್ ಮಾಡ್ತೀವಲ್ಲ, ಅದರ ಅಜ್ಜ ಇವನು.

ಇದರಿಂದ ಹೊರಬಿದ್ದ ಮಾತು ವಿಚಿತ್ರ: ಸೇತುವೆಯ ಸ್ವಂತ ತೂಕ ಹೆಚ್ಚಿದ್ದಷ್ಟೂ ಕೇಬಲ್ ಬಿಗಿ. ಮೊದಲೇ ಜೋರಾಗಿ ಎಳೆದುಕೊಂಡಿರೋ ಹಗ್ಗವನ್ನ ಒಂದು ಗಾಡಿ ಬಂದು ಅಲುಗಾಡಿಸೋದು ಕಷ್ಟ. ಅಂದ್ರೆ ರಸ್ತೆಗೆ ದಪ್ಪ ಟ್ರಸ್ ಕೊಡೋ ಅಗತ್ಯ ಕಡಿಮೆ.

ಲಿಯಾನ್ ಮೊಯ್ಸೇಫ್ ಇದನ್ನ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಸೇತುವೆಗೆ (1909) ಬಳಸಿದ. 1931ರ ಜಾರ್ಜ್ ವಾಷಿಂಗ್ಟನ್ ಸೇತುವೆಯ ಸ್ಪ್ಯಾನ್ 1,067 ಮೀಟರ್, ಅಲ್ಲಿವರೆಗಿನ ದಾಖಲೆಯ ಹತ್ತಿರ ಹತ್ತಿರ ಎರಡರಷ್ಟು. ಅದು ಶುರುವಾದಾಗ ಸ್ಟಿಫನಿಂಗ್ ಟ್ರಸ್ಸೇ ಇರಲಿಲ್ಲ. ತನ್ನ ಭಾರಿ ತೂಕದಿಂದಲೇ ಅದು ಅಲುಗಾಡದೆ ನಿಂತಿತ್ತು. ಉಕ್ಕು ಉಳೀತು, ದುಡ್ಡು ಉಳೀತು, ಸೇತುವೆಗಳು ತೆಳ್ಳಗಾದವು.

ಎಷ್ಟು ತೆಳ್ಳಗೆ? ಮುಂದಿನ ಸ್ಲೈಡ್.

ಭಾಗ 5/9 | 7 ನವೆಂಬರ್ 1940

ಟಕೋಮಾ ನ್ಯಾರೋಸ್ ವಿಡಿಯೋ ನೋಡದ ಸಿವಿಲ್ ಸ್ಟೂಡೆಂಟ್ ಇಲ್ಲ. ಆದರೆ ಅದನ್ನ ಕೇಬಲ್ ಲೆಕ್ಕದ ಕಥೆಯಾಗಿ ನೋಡಿರೋದು ಕಡಿಮೆ.

ಮುಖ್ಯ ಸ್ಪ್ಯಾನ್ 853 ಮೀಟರ್. ಅಗಲ ಬರೀ 12 ಮೀಟರ್, ಎರಡು ಲೇನ್ ಅಷ್ಟೇ. ರಾಜ್ಯದ ಎಂಜಿನಿಯರ್‌ಗಳ ಮೊದಲ ಯೋಜನೆಯಲ್ಲಿ 7.6 ಮೀಟರ್ ಎತ್ತರದ ಟ್ರಸ್ ಇತ್ತು. ಸಲಹೆಗಾರನಾಗಿ ಬಂದ ಮೊಯ್ಸೇಫ್ ಅದನ್ನ 2.4 ಮೀಟರ್ ಎತ್ತರದ ಗರ್ಡರ್‌ಗೆ ಇಳಿಸಿದ. ಡಿಫ್ಲೆಕ್ಷನ್ ಥಿಯರಿ ಪ್ರಕಾರ ಅಷ್ಟು ಸಾಕಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ.

1940ರ ಜುಲೈ 1ರಂದು ಸೇತುವೆ ತೆರೆಯಿತು. ನವೆಂಬರ್ 7ರ ಬೆಳಿಗ್ಗೆ ಗಂಟೆಗೆ ಸುಮಾರು 65 ಕಿಲೋಮೀಟರ್ ಗಾಳಿ. ಡಿಸೈನ್‌ನಲ್ಲಿ ಹಿಡಿದಿದ್ದ ಗಾಳಿ ಇದಕ್ಕಿಂತ ಎಷ್ಟೋ ಜೋರಿನದು. ಮೊದಲು ರಸ್ತೆ ಮೇಲೆ ಕೆಳಗೆ ಅಲೆಯಂತೆ ಆಡ್ತಿತ್ತು. ಆಮೇಲೆ ಸ್ಪ್ಯಾನ್‌ನ ನಡುವೆ ಒಂದು ಬದಿಯ ಕೇಬಲ್‌ಗೆ ಹಾಕಿದ್ದ ಪಟ್ಟಿ ಜಾರಿತು. ಎರಡು ಬದಿಯ ಕೇಬಲ್‌ಗಳು ಬೇರೆ ಬೇರೆಯಾಗಿ ಚಲಿಸೋಕೆ ದಾರಿ ಸಿಕ್ಕಿತು. ರಸ್ತೆ ತಿರುಚೋಕೆ ಶುರುವಾಯ್ತು, ಪ್ರತಿ ತಿರುಚಿಗೂ ಗಾಳಿ ಇನ್ನಷ್ಟು ಶಕ್ತಿ ತುಂಬಿತು. ಒಂದು ಗಂಟೆ ಚಿಲ್ಲರೆಯಲ್ಲಿ ನಡುಭಾಗ ನೀರಿಗೆ ಬಿತ್ತು. ಮನುಷ್ಯರು ಸಾಯಲಿಲ್ಲ, ಕಾರಿನಲ್ಲೇ ಉಳಿದುಹೋದ ಟಬ್ಬಿ ಅನ್ನೋ ನಾಯಿ ಸತ್ತಿತು.

ಗಮನಿಸಿ: ಮೊಯ್ಸೇಫ್‌ನ ಮಾಡೆಲ್ ಸುಳ್ಳು ಹೇಳಲಿಲ್ಲ. ‘ನಿಂತ ಭಾರಕ್ಕೆ, ಒಂದೇ ಸಮ ತಳ್ಳುವ ಗಾಳಿಗೆ ಸೇತುವೆ ತಡೀತದಾ?’ ಅಂತ ಕೇಳಿದ್ರು, ‘ತಡೀತದೆ’ ಅಂತ ಅದು ಹೇಳ್ತು. ‘ಗಾಳಿಯಲ್ಲಿ ತಿರುಚುತ್ತಾ?’ ಅಂತ ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಯಾವ ಮಾಡೆಲ್ಲೂ ಉತ್ತರ ಕೊಡಲ್ಲ.

ಭಾಗ 6/9 | ನಮ್ಮ ಕೆಆರ್ ಪುರಂ ಸೇತುವೆ ‘ಹ್ಯಾಂಗಿಂಗ್’ ಅಲ್ಲ

ಬೆಂಗಳೂರಿನಲ್ಲಿ ಎಲ್ಲರೂ ಹ್ಯಾಂಗಿಂಗ್ ಬ್ರಿಡ್ಜ್ ಅಂತಾನೇ ಕರೆಯೋದು. ನಿಜಕ್ಕೂ ಅದು ಕೇಬಲ್-ಸ್ಟೇಯ್ಡ್ ಸೇತುವೆ. ತೂಗುಸೇತುವೆಯಲ್ಲಿ ಜೋಲು ಬಿದ್ದ ದೊಡ್ಡ ಕೇಬಲ್‌ನಿಂದ ರಸ್ತೆ ನೇತಾಡುತ್ತೆ. ಇಲ್ಲಿ ಟವರ್‌ನಿಂದ ಓರೆಯಾಗಿ ಬಂದ ಕೇಬಲ್‌ಗಳು ರಸ್ತೆಯನ್ನ ನೇರವಾಗಿ ಹಿಡಿದಿರ್ತವೆ. ಈ ಜಾತಿಯ ಆಧುನಿಕ ಸೇತುವೆಗಳು 1950ರ ದಶಕದ ಸ್ವೀಡನ್ನಿನ ಸ್ಟ್ರೋಮ್‌ಸುಂಡ್ ಸೇತುವೆಯಿಂದ ಹರಡಿದವು.

ಓರೆ ಕೇಬಲ್ ನೇರ ಕಾಣುತ್ತೆ, ಆದ್ರೆ ತನ್ನ ತೂಕಕ್ಕೆ ಅದೂ ಸ್ವಲ್ಪ ಜೋಲು ಬಿದ್ದಿರುತ್ತೆ. ಎಳೆದಾಗ ಮೊದಲು ಆ ಜೋಲು ತೆಗೆದುಕೊಳ್ಳುತ್ತೆ, ಜೊತೆಗೆ ಉಕ್ಕು ಹಿಗ್ಗುತ್ತೆ. ಹಾಗಾಗಿ ಉಕ್ಕಿಗಿಂತ ಮೆತ್ತಗೆ ವರ್ತಿಸುತ್ತೆ. 1965ರಲ್ಲಿ ಜರ್ಮನಿಯ ಅರ್ನ್ಸ್ಟ್ ಇದಕ್ಕೊಂದು ಸೂತ್ರ ಕೊಟ್ಟ: ಕೇಬಲ್ಲನ್ನ ನೇರ ಸರಳಿನಂತೆಯೇ ಮಾಡೆಲ್ ಮಾಡಿ, ಆದ್ರೆ ಅದರ ಇ ಮಾಡ್ಯುಲಸ್ ಇಳಿಸಿ. ಎಷ್ಟು ಇಳಿಸಬೇಕು ಅನ್ನೋದು ಎಳೆತದ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡೋಣ. ಅಡ್ಡ ಅಳತೆ 100 ಮೀಟರ್, ಉಕ್ಕಿನ ತೂಕ ಘನ ಮೀಟರಿಗೆ 78.5 ಕಿಲೋನ್ಯೂಟನ್, ಇ ಮಾಡ್ಯುಲಸ್ 195 ಗಿಗಾಪ್ಯಾಸ್ಕಲ್.
• ಸ್ಟ್ರೆಸ್ 600 ಮೆಗಾಪ್ಯಾಸ್ಕಲ್ ಇದ್ರೆ ನಷ್ಟ ಅರ್ಧ ಪರ್ಸೆಂಟೂ ಇಲ್ಲ
• 200 ಇದ್ರೆ ಸುಮಾರು 11 ಪರ್ಸೆಂಟ್
• 100 ಇದ್ರೆ ಅರ್ಧಕ್ಕರ್ಧ!

ಅದೇ ಕೇಬಲ್, ಅದೇ ಉಕ್ಕು. ಸರಿಯಾಗಿ ಎಳೆದು ಕಟ್ಟದಿದ್ರೆ ಅರ್ಧ ಕೇಬಲ್‌ನ ಕೆಲಸ ಮಾತ್ರ ಮಾಡುತ್ತೆ. ಕೇಬಲ್ ಪ್ರಾಪರ್ಟಿ ಬಾಕ್ಸ್‌ನಲ್ಲಿ ‘ಇನಿಶಿಯಲ್ ಟೆನ್ಷನ್’ ಅಂತ ಕೇಳೋದು ಸುಮ್ಮನೆ ಅಲ್ಲ. ಅಲ್ಲಿ ಹಾಕೋ ಅಂಕಿ ಲೋಡ್ ಅಷ್ಟೇ ಅಲ್ಲ, ಕೇಬಲ್‌ನ ಬಿಗಿಯೂ ಹೌದು.

ಭಾಗ 7/9 | ಮ್ಯೂನಿಕ್: ಮಾಡೆಲ್ ಮಿಲಿಮೀಟರ್ ಸಾಲಲಿಲ್ಲ

1972ರ ಒಲಿಂಪಿಕ್ಸ್‌ಗೆ ಮ್ಯೂನಿಕ್‌ನಲ್ಲಿ ಜೇಡರ ಬಲೆಯಂಥ ಛಾವಣಿ ಕಟ್ಟಬೇಕಿತ್ತು. ಸುಮಾರು 75,000 ಚದರ ಮೀಟರ್. ವಾಸ್ತುಶಿಲ್ಪಿ ಗುಂಟರ್ ಬೆನಿಶ್, ಹಗುರ ರಚನೆಗಳ ಗುರು ಫ್ರೈ ಒಟ್ಟೊ, ಎಂಜಿನಿಯರ್‌ಗಳು ಫ್ರಿಟ್ಸ್ ಲಿಯೊನ್‌ಹಾರ್ಟ್ ಮತ್ತು ಯೋರ್ಗ್ ಶ್ಲಾಯ್ಕ್. ಕೇಬಲ್ ಬಲೆಯ ಪ್ರತಿ ಕಣ್ಣು 75 ಸೆಂಟಿಮೀಟರ್.

ಫ್ರೈ ಒಟ್ಟೊ ಆಕಾರ ಹುಡುಕ್ತಿದ್ದದ್ದು ಕೈಯಿಂದ: ಸೋಪಿನ ಪೊರೆ, ಬಟ್ಟೆ, ತಂತಿ. ಮ್ಯೂನಿಕ್‌ಗೂ 1:125 ಅಳತೆಯ ತಂತಿ ಮಾಡೆಲ್ ಮಾಡಿ, ಫೋಟೊ ತೆಗೆದು ಅಳೆದರು. ಆದ್ರೆ ಮಾಡೆಲ್‌ನಲ್ಲಿ 1 ಮಿಲಿಮೀಟರ್ ತಪ್ಪಿದ್ರೆ ಸೈಟಿನಲ್ಲಿ 12.5 ಸೆಂಟಿಮೀಟರ್ ತಪ್ಪುತ್ತೆ. ಬಿಗಿದು ಕಟ್ಟೋ ಬಲೆಯಲ್ಲಿ ಕೇಬಲ್‌ನ ಉದ್ದ ಅಷ್ಟು ತಪ್ಪಿದ್ರೆ ಒಂದು ಕೇಬಲ್ ಸಡಿಲ, ಪಕ್ಕದ್ದರ ಮೇಲೆ ವಿಪರೀತ ಎಳೆತ.

ಆಗ ಸ್ಟುಟ್‌ಗಾರ್ಟ್‌ನಲ್ಲಿ ಕಂಪ್ಯೂಟರ್ ಲೆಕ್ಕ ಶುರುವಾಯ್ತು. ಒಂದು ಕಡೆ ಫೈನೈಟ್ ಎಲಿಮೆಂಟ್‌ನ ದಿಗ್ಗಜ ಜಾನ್ ಆರ್ಗೈರಿಸ್. ಇನ್ನೊಂದು ಕಡೆ ಕ್ಲಾಸ್ ಲಿಂಕ್‌ವಿಟ್ಸ್, ಮೂಲತಃ ಸರ್ವೇ ಕ್ಷೇತ್ರದವರು! ಲಿಂಕ್‌ವಿಟ್ಸ್ ಮತ್ತು ಶೇಕ್ 1971ರಲ್ಲಿ ಮುಂದಿಟ್ಟ ಯೋಚನೆ ಬಹಳ ಜಾಣತನದ್ದು. ಆಕಾರವೂ ಗೊತ್ತಿಲ್ಲ, ಎಳೆತವೂ ಗೊತ್ತಿಲ್ಲ ಅಂತ ತಾನೇ ತಲೆನೋವು? ಹಾಗಾದ್ರೆ ಪ್ರತಿ ತುಂಡಿಗೂ ‘ಎಳೆತ ÷ ಉದ್ದ’ ಎಷ್ಟು ಅಂತ ನಾವೇ ಮೊದಲು ನಿಗದಿ ಮಾಡಿಬಿಡೋಣ. ಆಗ ಸಮೀಕರಣಗಳೆಲ್ಲ ಲೀನಿಯರ್ ಆಗ್ತವೆ, ಒಂದೇ ಸಲ ಬಿಡಿಸಿದ್ರೆ ಬಲೆಯ ಪ್ರತಿ ಗಂಟು ಎಲ್ಲಿರಬೇಕು ಅಂತ ಸಿಗುತ್ತೆ. ಇದೇ ಫೋರ್ಸ್ ಡೆನ್ಸಿಟಿ ವಿಧಾನ. ‘ಫಾರ್ಮ್ ಫೈಂಡಿಂಗ್’ ಅಂತ ಮೆನುವಿನಲ್ಲಿ ಕಾಣೋದರ ಹಿಂದೆ ಹಲವು ಕಡೆ ಇದೇ ಇದೆ.

ಯಾಕೋಬ್ ಬರ್ನೂಲಿ ಕೇಳಿದ್ದು ಒಂದು ಸರಪಳಿಯ ಆಕಾರ. ಮ್ಯೂನಿಕ್‌ನಲ್ಲಿ ಕೇಳಿದ್ದು ಸಾವಿರಾರು ಗಂಟುಗಳದ್ದು. ಪ್ರಶ್ನೆ ಒಂದೇ.

ಭಾಗ 8/9 | ರನ್ ಒತ್ತಿದಾಗ ಒಳಗೆ ಏನಾಗುತ್ತೆ?

ನಾನ್‌ಲೀನಿಯರ್ ರನ್ ಅಂದ್ರೆ ಮಂತ್ರ ಅಲ್ಲ. ಪ್ರೋಗ್ರಾಂ ಮೊದಲು ಒಂದು ಆಕಾರ ಊಹಿಸುತ್ತೆ. ಆ ಆಕಾರದಲ್ಲಿ ಪ್ರತಿ ನೋಡ್‌ನಲ್ಲೂ ಬಲಗಳು ಸರಿದೂಗ್ತವಾ ನೋಡುತ್ತೆ. ದೂಗದಿದ್ರೆ, ಉಳಿದ ಬಲಕ್ಕೆ ತಕ್ಕಂತೆ ನೋಡ್‌ಗಳನ್ನ ಸರಿಸುತ್ತೆ. ಹೊಸ ಆಕಾರದಲ್ಲಿ ಮತ್ತೆ ನೋಡುತ್ತೆ. ಉಳಿಕೆ ಬಲ ತೀರಾ ಸಣ್ಣದಾಗೋವರೆಗೂ ಇದೇ ಕೆಲಸ. ‘ಕನ್ವರ್ಜ್ ಆಗಲಿಲ್ಲ’ ಅಂದ್ರೆ, ಆಕಾರ ಮತ್ತು ಎಳೆತ ಒಪ್ಪಂದಕ್ಕೆ ಬರಲಿಲ್ಲ ಅಂತ ಅರ್ಥ.

ಇದರಿಂದ ಒಂದು ದೊಡ್ಡ ಪರಿಣಾಮ ಇದೆ. ಬೀಮ್‌ನಲ್ಲಿ ಡೆಡ್ ಲೋಡ್ ಉತ್ತರಕ್ಕೆ ಲೈವ್ ಲೋಡ್ ಉತ್ತರ ಕೂಡಿಸ್ತೀವಿ. ಆಕಾರ ಬದಲಾಗೋ ಕೇಬಲ್‌ನಲ್ಲಿ ಹಾಗೆ ಕೂಡಿಸೋಕಾಗಲ್ಲ, ಯಾಕಂದ್ರೆ ಎರಡು ಉತ್ತರಗಳೂ ಎರಡು ಬೇರೆ ಆಕಾರಗಳ ಮೇಲೆ ನಿಂತಿರ್ತವೆ. ಮೊದಲು ಡೆಡ್ ಲೋಡ್ ಮತ್ತು ಮೊದಲೆಳೆತ ಹಾಕಿ ಆಕಾರ ಕಂಡುಕೊಳ್ಳಬೇಕು, ಅಲ್ಲಿಂದ ಮುಂದಕ್ಕೆ ಪ್ರತಿ ಕಾಂಬಿನೇಷನ್ನನ್ನೂ ಬೇರೆಯಾಗಿ ರನ್ ಮಾಡಬೇಕು. ಮೆಲಾನ್ 1888ರಲ್ಲಿ ಹಿಡಿದ ದಾರಿ ನಮ್ಮನ್ನ ಇಲ್ಲಿಗೇ ತರುತ್ತೆ.

ಇನ್ನೊಂದು ಮಜಾ ವಿಷಯ. 1970ರಲ್ಲಿ ಬರ್ಕ್ಲಿಯ ಎಡ್ವರ್ಡ್ ವಿಲ್ಸನ್ ತನ್ನ ಪ್ರೋಗ್ರಾಂಗೆ ‘ಸ್ಯಾಪ್’ ಅಂತ ಹೆಸರಿಟ್ಟ. ಅಮೆರಿಕದ ಆಡುಮಾತಿನಲ್ಲಿ ಆ ಪದಕ್ಕೆ ಪೆದ್ದ ಅನ್ನೋ ಅರ್ಥವೂ ಇದೆ. ಅವನು ಬೇಕಂತಲೇ ಆರಿಸಿದ್ದು. ಎಲ್ಲ ಪ್ರೋಗ್ರಾಂಗಳಂತೆ ಇದಕ್ಕೂ ಬುದ್ಧಿ ಇಲ್ಲ, ರಚನೆಯನ್ನ ಸರಿಯಾಗಿ ಮಾಡೆಲ್ ಮಾಡೋದೂ ಫಲಿತಾಂಶಕ್ಕೆ ಹೊಣೆ ಹೊರೋದೂ ಎಂಜಿನಿಯರ್‌ನ ಕೆಲಸ ಅಂತ ಬಳಸೋರಿಗೆ ನೆನಪಿರಲಿ ಅಂತ. ಇವತ್ತು ನಾವು ಬಳಸೋ ಸ್ಯಾಪ್ 2000 ಅದೇ ವಂಶದ್ದು.

ಭಾಗ 9/9 | ಪರದೆ ಮೇಲಿನ ಕೇಬಲ್, ಹೊಳೆ ಮೇಲಿನ ಕೇಬಲ್

ಗುಜರಾತಿನ ಮೋರ್ಬಿ. ಮಚ್ಛು ನದಿಯ ಮೇಲೆ 1879ರ ತೂಗುಸೇತುವೆ. ರಿಪೇರಿ ಮುಗಿಸಿ 26 ಅಕ್ಟೋಬರ್ 2022ರಂದು ಮತ್ತೆ ತೆರೆದರು. ನಾಲ್ಕೇ ದಿನ. 30ರ ಸಂಜೆ ಮುಖ್ಯ ಕೇಬಲ್ ಕಡಿದು 135 ಜನ ಸತ್ತರು. ಅದರಲ್ಲಿ ಎಷ್ಟೋ ಮಕ್ಕಳು.

ತನಿಖಾ ತಂಡ ಹೇಳಿದ್ದು ಓದಿ: ಕಡಿದ ಆ ಕೇಬಲ್‌ನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು, ಅವು ಸೇತುವೆ ಬೀಳೋ ಮೊದಲೇ ತುಂಡಾಗಿರಬಹುದು. ಹಳೇ ಹ್ಯಾಂಗರ್‌ಗಳಿಗೆ ಹೊಸದನ್ನ ಬೆಸುಗೆ ಹಾಕಿದ್ರು. ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಸಿದ್ರು. ಅದೂ ಸಾಲದೆ, ಒಂದೇ ಸಲ ಮಿತಿ ಮೀರಿ ಜನರನ್ನ ಬಿಟ್ಟಿದ್ರು.

49 ತಂತಿಯ ಏರಿಯಾ ಹಾಕಿ ಮಾಡೆಲ್ ಮಾಡಿದ್ರೆ ಸಾಫ್ಟ್‌ವೇರ್ 49 ತಂತಿಗೇ ಉತ್ತರ ಕೊಡುತ್ತೆ. ಕೆಲಸ ಮಾಡ್ತಿರೋದು 27 ಮಾತ್ರ ಆಗಿದ್ರೆ, ಅದೇ ಭಾರಕ್ಕೆ ಪ್ರತಿ ತಂತಿಯ ಮೇಲಿನ ಸ್ಟ್ರೆಸ್ 1.8 ಪಟ್ಟು. ತುಕ್ಕು ನೋಡೋಕೆ ಪರದೆ ಸಾಲದು, ಸೇತುವೆ ಹತ್ರ ಹೋಗಬೇಕು. ಟಕೋಮಾದಲ್ಲಿ ಕೇಳದೇ ಉಳಿದದ್ದು ಗಾಳಿಯ ಪ್ರಶ್ನೆ. ಮೋರ್ಬಿಯಲ್ಲಿ ಉಳಿದದ್ದು ಅದಕ್ಕಿಂತ ಸುಲಭದ್ದು: ಈ ಹಗ್ಗ ಈಗಲೂ ಹಗ್ಗವಾಗಿ ಉಳಿದಿದೆಯಾ?

ಅದಕ್ಕೇ ಕ್ಲಾಸಿನವರಿಗೆಲ್ಲ ಒಂದು ಮಾತು. ಪ್ರಾಜೆಕ್ಟ್‌ನಲ್ಲಿ ಕೇಬಲ್ ಬಂದ್ರೆ ಇಷ್ಟು ನೋಡಿ:
✔ ರನ್ ಮುಂಚೆ ಭಾಗ 3ರ ಸೂತ್ರದಲ್ಲಿ ಕೈಲೆಕ್ಕ ಹಾಕಿ. ಸಾಫ್ಟ್‌ವೇರ್ ಉತ್ತರ ಅದರ ಹತ್ತಿರವೂ ಇಲ್ಲ ಅಂದ್ರೆ ನಿಲ್ಲಿಸಿ, ಹುಡುಕಿ.
✔ ಯಾವ ಕೇಬಲ್ ಆದ್ರೂ ಕಂಪ್ರೆಷನ್ ತೋರಿಸ್ತಿದೆಯಾ? ಹಾಗಿದ್ರೆ ಆ ರಿಪೋರ್ಟ್ ಪ್ರಿಂಟ್ ಮಾಡಬೇಡಿ.
✔ ಮೊದಲೆಳೆತ ಎಲ್ಲಿಂದ ಬಂತು? ‘ಡೀಫಾಲ್ಟ್ ಇತ್ತು’ ಅನ್ನೋದು ಉತ್ತರ ಅಲ್ಲ.
✔ ಮಾಡೆಲ್‌ಗೆ ಯಾವ ಪ್ರಶ್ನೆ ಕೇಳಿದ್ದೀರಿ, ಯಾವುದು ಕೇಳಿಲ್ಲ ಅಂತ ರಿಪೋರ್ಟ್‌ನಲ್ಲೇ ಒಂದು ಸಾಲು ಬರೆಯಿರಿ.

ನಾಲ್ಕನೇದನ್ನ ವೈವಾದಲ್ಲಿ ಯಾರೂ ಕೇಳದೇ ಇರಬಹುದು. ಸೇತುವೆ ಮಾತ್ರ ಒಂದಲ್ಲ ಒಂದು ದಿನ ಕೇಳುತ್ತೆ.

ಸೇವ್ ಮಾಡ್ಕೊಳ್ಳಿ, ಪ್ರಾಜೆಕ್ಟ್ ಬ್ಯಾಚ್‌ಮೇಟ್‌ಗೆ ಕಳಿಸಿ. ನಿಮ್ಮೂರ ಹತ್ರ ತೂಗುಸೇತುವೆ ಇದ್ರೆ ಯಾವ ಹೊಳೆ ಮೇಲೆ ಅಂತ ಕಾಮೆಂಟ್ ಹಾಕಿ 👇

#ಕನ್ನಡದಲ್ಲಿ_ಸಿವಿಲ್ #ತೂಗುಸೇತುವೆ #ಹಗ್ಗದಲೆಕ್ಕ